ದಂಡಿನ ನ್ಯಾಯದಲ್ಲಿ ದಯೆಯ ದಾರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಒಕ್ಕಲು ಮನೆತನಗಳಿಗೆ ದಂಡಿನ ನೌಕರಿ ಹೊಸದೇನಲ್ಲ. ಒಬ್ಬ ಮಗ ಎರಿಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರೆ ಇನ್ನೊಬ್ಬ ಮಗ ಗಡಿಯಲ್ಲಿ ಬಂದೂಕು ಹಿಡಿದು ನಿಂತಿರುವುದು ಇಲ್ಲಿಯ ಅನೇಕ ಹಳ್ಳಿಗಳ ಸಾಮಾನ್ಯ ಸಂಗತಿ. ಮರಾಠಾ ಲಘು ಪದಾತಿ ದಳದ ಕೇಂದ್ರವು ಬೆಳಗಾವಿಯಲ್ಲಿಯೇ ಇರುವುದರಿಂದಲೂ, ಸಂಗೊಳ್ಳಿಯ ಹೆಸರು ಕೇಳಿದರೆ ತರುಣರ ಎದೆ ಉಬ್ಬುವುದರಿಂದಲೂ ಈ ರೂಢಿ ಬೆಳೆದುಬಂದಿದೆ. ಸೂಟಿಯ ಮೇಲೆ ಬಂದ ಜವಾನನನ್ನು ಊರು ಕರೆದು ಕೂಡಿಸುತ್ತದೆ. ಯುದ್ಧದಲ್ಲಿ ಮಡಿದವನ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುತ್ತದೆ. ಆದರೆ ಸೈನಿಕ ನ್ಯಾಯಾಲಯದಲ್ಲಿ ಶಿಕ್ಷೆ ಹೊಂದಿ ಮನೆಗೆ ಮರಳಿದವನ ಮಾತು ಬಂದಾಗ ಅದೇ ಊರು ದನಿ ತಗ್ಗಿಸುತ್ತದೆ. ಅವನ ತಂಗಿಗೆ ವರ ನೋಡಬಂದವರಿಗೆ ಯಾರೋ ಒಬ್ಬರು ಆ ಸುದ್ದಿಯನ್ನು ತಪ್ಪದೆ ಮುಟ್ಟಿಸುತ್ತಾರೆ.

ಈ ಮೌನದ ಬುಡದಲ್ಲಿ ಒಂದು ತಪ್ಪು ತಿಳುವಳಿಕೆಯಿದೆ. ‘ದಂಡಿನ ಶಿಕ್ಷೆಗೆ ಮಾಫಿಯೆಂಬುದಿಲ್ಲ, ಒಮ್ಮೆ ತಪ್ಪಿದರೆ ಮುಗಿಯಿತು’ ಎಂಬುದೇ ಅದು. ಇದನ್ನು ನಂಬಿದ ತಂದೆತಾಯಿಗಳು ಸೂಟಿ ಮುಗಿದರೂ ಹೋಗದ ಮಗನನ್ನು ಬೀಗರ ಊರಿನಲ್ಲಿಯೋ ತೋಟದ ಮನೆಯಲ್ಲಿಯೋ ಬಚ್ಚಿಡುತ್ತಾರೆ. ಹದಿನೈದು ದಿನಗಳ ತಪ್ಪು ಆರು ತಿಂಗಳದ್ದಾಗುತ್ತದೆ, ಆರು ತಿಂಗಳದ್ದು ಮೂರು ವರ್ಷದ್ದಾಗುತ್ತದೆ. ದಯೆಯ ಬಾಗಿಲು ತೆರೆದಿದ್ದ ಕಾಲವೆಲ್ಲ ಹೀಗೆ ಅಂಜಿಕೆಯಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ ಈ ವಿಷಯವನ್ನು ನಮ್ಮ ಓದುಗ ಬಂಧುಗಳ ಮುಂದೆ ತುಸು ವಿವರವಾಗಿಯೇ ಇಡಬೇಕೆಂದು ನಮಗೆ ತೋರಿತು.

ಕಿತ್ತೂರಿನ ಸೆರೆಯಾಳುಗಳು

ಕಾಯಿದೆಯ ಮಾತಿಗೆ ಬರುವ ಮೊದಲು ನಮ್ಮ ನೆಲದ ಒಂದು ಘಟನೆಯನ್ನು ನೆನೆಯೋಣ. ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆ ಮಡಿದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತಿದೆ. ಅದೇ ದಿನ ಅವನ ಇಬ್ಬರು ಸಹಾಯಕರು, ಎಲಿಯಟ್ ಮತ್ತು ಸ್ಟೀವನ್‌ಸನ್, ಕಿತ್ತೂರಿನವರ ಕೈಗೆ ಜೀವಂತ ಸೆರೆಸಿಕ್ಕರು. ಊರಿನ ಮೇಲೆ ತೋಪು ತಂದವರ ಕಡೆಯ ಜನ ಅವರು. ರಣದ ಕಾವು ಆರಿರಲಿಲ್ಲ. ಆ ಹೊತ್ತಿನಲ್ಲಿ ಅವರ ತಲೆ ಉರುಳಿದ್ದರೂ ಅಂದಿನ ಯುದ್ಧನೀತಿಯಲ್ಲಿ ಅದನ್ನು ಅಚ್ಚರಿಯೆಂದು ಯಾರೂ ಬರೆಯುತ್ತಿರಲಿಲ್ಲ. ರಾಣಿ ಚೆನ್ನಮ್ಮನವರ ಆಶ್ರಯದಲ್ಲಿ ಅವರು ವಾರಗಟ್ಟಲೆ ಸುರಕ್ಷಿತವಾಗಿ ಉಳಿದರು. ಡಿಸೆಂಬರದ ಆರಂಭದಲ್ಲಿ ಬಿಡುಗಡೆಯನ್ನೂ ಪಡೆದರು. ಅವರು ಹೊರಬಿದ್ದ ಬೆನ್ನಿಗೇ ಕಂಪನಿಯ ದೊಡ್ಡ ಸೈನ್ಯ ಕೋಟೆಯ ಮೇಲೆ ಬಿದ್ದಿತು, ಕಿತ್ತೂರು ಕೈಬಿಟ್ಟಿತು.

ಆ ಎಲಿಯಟ್ ಆಗ ಇಪ್ಪತ್ತೊಂದು ವರ್ಷದ ಹುಡುಗ. ಮುಂದೆ ಆತ ಸರ್ ವಾಲ್ಟರ್ ಎಲಿಯಟ್ ಎಂದು ಹೆಸರಾದ. ನಮ್ಮ ನಾಡಿನ ಗುಡಿ, ಬಸದಿ, ಕೆರೆಯ ದಂಡೆಗಳಲ್ಲಿ ಬಿದ್ದಿದ್ದ ಶಿಲಾಶಾಸನಗಳ ಪ್ರತಿಗಳನ್ನು ಮಾಡಿಸಿ, ೫೯೫ ಶಾಸನಗಳ ಸಂಗ್ರಹವನ್ನು ಸಿದ್ಧಪಡಿಸಿದವನು ಅವನೇ. ಚಾಲುಕ್ಯರ ಚರಿತ್ರೆಯ ಮೊದಲ ಎಳೆಗಳು ಅದರಿಂದ ದೊರೆತವು. ನಂತರ ಬಂದ ಫ್ಲೀಟರಂಥ ಪಂಡಿತರು ಆ ಸಂಗ್ರಹವನ್ನು ಬಳಸಿಕೊಂಡರು. ಆ ಹುಡುಗನನ್ನು ಕಿತ್ತೂರಿನಲ್ಲಿ ಕೊಂದಿದ್ದರೆ ಕನ್ನಡದ ಶಾಸನಗಳನ್ನು ಮತ್ತೊಬ್ಬರು ಎಂದಾದರೂ ಕೂಡಿಹಾಕುತ್ತಿದ್ದರೇನೋ. ಆದರೆ ಕೂಡಿಹಾಕಿದವನು ಕಿತ್ತೂರಿನ ಜೀವದಾನ ಪಡೆದವನು ಎಂಬುದನ್ನು ನಮ್ಮ ಎಷ್ಟು ಜನ ಅರಿತಿದ್ದಾರೆ?

ದಯೆ ತೋರಿದ ರಾಣಿಯವರಿಗೆ ದಯೆ ಮರಳಿ ದೊರೆಯಲಿಲ್ಲ. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿಯೇ ಉಳಿದು ೧೮೨೯ರ ಫೆಬ್ರವರಿಯಲ್ಲಿ ಅವರು ಲಿಂಗೈಕ್ಯರಾದರು. ಅವರ ಸಮಾಧಿಗೆ ಹೋಗಿ ಕೈಮುಗಿಯುವ ನಾವು ಈ ವಿಷಮತೆಯನ್ನೂ ನೆನಪಿನಲ್ಲಿಡಬೇಕು.

ಇನ್ನು ಸಂಗೊಳ್ಳಿ ರಾಯಣ್ಣ. ೧೮೨೪ರ ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆಯಾದವರಲ್ಲಿ ಆತನೂ ಒಬ್ಬ. ಕಂಪನಿ ಸರಕಾರ ಕೊಟ್ಟ ಈ ಎರಡನೆಯ ಅವಕಾಶವನ್ನು ಆತ ಸರಕಾರಕ್ಕೆ ನಿಷ್ಠನಾಗಲು ಬಳಸಲಿಲ್ಲ, ನಾಡಿಗೆ ನಿಷ್ಠನಾಗಲು ಬಳಸಿದ. ೧೮೩೦ರಲ್ಲಿ ಮೋಸದಿಂದ ಹಿಡಿಯಲ್ಪಟ್ಟ ಮೇಲೆ ಎರಡನೆಯ ಕ್ಷಮೆಯ ಮಾತೇ ಬರಲಿಲ್ಲ. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು. ಕ್ಷಮೆ ಪಡೆದವನು ಕ್ಷಮಿಸಿದವನ ಇಚ್ಛೆಯಂತೆಯೇ ನಡೆಯಬೇಕೆಂಬ ಕರಾರು ಇತಿಹಾಸದಲ್ಲಿ ಎಲ್ಲಿಯೂ ಇಲ್ಲ. ಆಳುವವರು ದಯೆಗೆ ಹಿಂಜರಿಯುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಹದಿನಾಲ್ಕು ದಿನಗಳ ನ್ಯಾಯ

ಅವಸರದ ನ್ಯಾಯಕ್ಕೆ ಉದಾಹರಣೆ ಬೇಕಾದರೆ ರಾಮದುರ್ಗ ತಾಲೂಕಿನ ಸುರೇಬಾನವನ್ನು ನೋಡಬೇಕು. ೧೮೫೮ರ ಮೇ ೨೯ರ ರಾತ್ರಿ ನರಗುಂದದ ಬಾಬಾಸಾಹೇಬರು ಅಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ ಮ್ಯಾನ್‌ಸನ್‌ನನ್ನು ಕೊಂದರು. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು. ತೊರಗಲ್ಲಿನ ಅಡವಿಯಲ್ಲಿ ಅವರು ಸಿಕ್ಕರು. ಜೂನ ೧೨ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಕೃತ್ಯಕ್ಕೂ ಕುಣಿಕೆಗೂ ನಡುವೆ ಹದಿನಾಲ್ಕೇ ದಿನ! ಬಂಡಾಯದಲ್ಲಿ ತೊಡಗಿದವರಿಗೆ ಕ್ಷಮೆಯನ್ನು ಸಾರಿದ ವಿಕ್ಟೋರಿಯಾ ರಾಣಿಯ ಘೋಷಣೆ ಹೊರಬಿದ್ದದ್ದು ಅದೇ ವರ್ಷದ ನವೆಂಬರ ೧ರಂದು. ಬ್ರಿಟಿಷ್ ಪ್ರಜೆಗಳ ಕೊಲೆಯಲ್ಲಿ ನೇರವಾಗಿ ಭಾಗಿಯಾದವರನ್ನು ಅದರಿಂದ ಹೊರಗಿಟ್ಟಿದ್ದರು. ಆದುದರಿಂದ ಬಾಬಾಸಾಹೇಬರು ಅಂದಿನವರೆಗೆ ಬದುಕಿದ್ದರೂ ಅದು ಅವರಿಗೆ ಒದಗುತ್ತಿರಲಿಲ್ಲ. ಅದೇ ಸೀಮೆಯ ಹಲಗಲಿಯ ಬೇಡರ ಮಾತು ಬೇರೆ. ಆಯುಧ ಒಪ್ಪಿಸಲಾರೆವೆಂದು ಎದುರುನಿಂತ ಆ ಬಡವರನ್ನು ೧೮೫೭ರ ಡಿಸೆಂಬರದಲ್ಲಿಯೇ ಗಲ್ಲಿಗೆ ಹಾಕಿ ಮುಗಿಸಿದ್ದರು. ಕ್ಷಮೆ ಬಂದಾಗ ಪಡೆಯುವವರೇ ಉಳಿದಿರಲಿಲ್ಲ. ಶಿಕ್ಷೆಗೂ ಅದರ ಜಾರಿಗೂ ನಡುವೆ ಕಾಲ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಸೈನಿಕ ನ್ಯಾಯಾಲಯದ ತೀರ್ಪನ್ನು ಜನಾಭಿಪ್ರಾಯವೇ ಬದಲಿಸಿದ ಪ್ರಸಂಗವೂ ನಮ್ಮ ದೇಶದಲ್ಲಿ ನಡೆದಿದೆ. ೧೯೪೫ರ ನವೆಂಬರದಲ್ಲಿ ದಿಲ್ಲಿಯ ಕೆಂಪು ಕೋಟೆಯಲ್ಲಿ ಆಜಾದ ಹಿಂದ ಫೌಜಿನ ಶಾಹನವಾಜ ಖಾನ, ಸೆಹಗಲ್, ಧಿಲ್ಲೋನ್ ಈ ಮೂವರ ವಿಚಾರಣೆ ಆರಂಭವಾಯಿತು. ಭೂಲಾಭಾಯಿ ದೇಸಾಯಿಯವರು ವಾದಿಸಿದರು. ನ್ಯಾಯಾಲಯ ಮೂವರಿಗೂ ಆಜನ್ಮ ಕರಿನೀರಿನ ಶಿಕ್ಷೆಯನ್ನೂ ವಜಾವನ್ನೂ ವಿಧಿಸಿತು. ಆದರೆ ಆ ತೀರ್ಪು ಊರ್ಜಿತವಾಗಲು ಸೇನಾಪತಿ ಆಕಿನ್‌ಲೆಕ್ ಅವರ ಮಂಜೂರಿ ಬೇಕಿತ್ತು. ೧೯೪೬ರ ಜನವರಿ ಮೊದಲ ವಾರದಲ್ಲಿ ಅವರು ಕರಿನೀರಿನ ಶಿಕ್ಷೆಯನ್ನು ಮಾಫಿ ಮಾಡಿದರು. ವಜಾವನ್ನು ಮಾತ್ರ ಉಳಿಸಿದರು. ಮೂವರೂ ಹೊರಬಂದರು. ಹೊರಗೆ ಎದ್ದ ಜನಸಾಗರವನ್ನು ಕಂಡು ಹೀಗೆ ಮಾಡಿದರೆಂಬುದು ನಿಜವಿರಬಹುದು. ಆದರೂ ಅವರು ಬಳಸಿದ್ದು ಕಾಯಿದೆಯಲ್ಲಿ ಮೊದಲೇ ಇದ್ದ ಬಾಗಿಲನ್ನು. ಆ ಬಾಗಿಲು ಇಂದಿಗೂ ಇದೆ.

ಕಾಯಿದೆ ಏನು ಹೇಳುತ್ತದೆ?

ಸ್ವತಂತ್ರ ಭಾರತದ ಸೈನ್ಯಕ್ಕೆ ೧೯೫೦ರ ಸೇನಾ ಕಾಯಿದೆ ಅನ್ವಯಿಸುತ್ತದೆ. ಅದು ಕಠಿಣವಾದದ್ದು ಎಂಬುದರಲ್ಲಿ ಎರಡು ಮಾತಿಲ್ಲ. ರಜೆಯಿಲ್ಲದೆ ಗೈರುಹಾಜರಾದವನಿಗೆ ಮೂರು ವರ್ಷಗಳವರೆಗೆ, ದಂಡು ಬಿಟ್ಟು ಓಡಿದವನಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಯುದ್ಧಸೇವೆಯಲ್ಲಿದ್ದಾಗ ಓಡಿಹೋದವನಿಗೆ ಮರಣದಂಡನೆಯೂ ಉಂಟು. ಕಾವಲುಗಾರನೊಬ್ಬ ಜಾಗ ಬಿಟ್ಟರೆ ಮಲಗಿದ ನೂರು ಜನರ ಪ್ರಾಣ ಹೋಗಬಹುದಾದ ಕಡೆ ಈ ಬಿಗಿ ಅನಾವಶ್ಯಕವೆಂದು ನಾವು ಹೇಳಲಾರೆವು.

ಆದರೆ ಅದೇ ಕಾಯಿದೆ ಮೆಟ್ಟಿಲು ಮೆಟ್ಟಿಲಿಗೂ ದಯೆಗೆ ಎಡೆ ಇಟ್ಟಿದೆ. ನ್ಯಾಯಾಲಯದ ಸದಸ್ಯರು ಅಭಿಪ್ರಾಯ ಹೇಳುವಾಗ ಎಲ್ಲರಿಗಿಂತ ಕಿರಿಯ ಅಧಿಕಾರಿ ಮೊದಲು ಹೇಳಬೇಕು. ಹಿರಿಯರ ಮುಖ ನೋಡಿ ಕಿರಿಯರು ತಲೆಯಾಡಿಸಬಾರದೆಂಬುದು ಇದರ ಉದ್ದೇಶ. ಮತಗಳು ಸಮವಾದರೆ ಲಾಭ ಆರೋಪಿಗೆ. ಮಹಾ ಸೈನಿಕ ನ್ಯಾಯಾಲಯದಲ್ಲಿ ಮರಣದಂಡನೆಗೆ ಮೂರರಲ್ಲಿ ಎರಡು ಪಾಲು ಸದಸ್ಯರ ಒಪ್ಪಿಗೆ ಬೇಕು. ತಪ್ಪು ಸಿದ್ಧವಾದ ಮೇಲೂ ಶಿಕ್ಷೆ ವಿಧಿಸುವ ಮೊದಲು ಅವನ ವಯಸ್ಸು, ಸೇವೆಯ ಅವಧಿ, ನಡತೆ, ಪಡೆದ ಪದಕಗಳು ಇವನ್ನೆಲ್ಲ ನೋಡಬೇಕು. ಕರುಣೆ ಕೋರಿ ಮಾತನಾಡಲು ಅವನಿಗೆ ಅವಕಾಶ ಕೊಡಬೇಕು. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು, ಬಿತ್ತನೆಗೆ ಬೇರೆ ಗಂಡಾಳಿರಲಿಲ್ಲ ಎಂಬ ಮಾತುಗಳನ್ನು ದಾಖಲೆಗಳೊಡನೆ ಹೇಳಬೇಕಾದ ವೇಳೆ ಇದೇ. ನಮ್ಮ ಹುಡುಗರು ಬಹುಮಟ್ಟಿಗೆ ಈ ವೇಳೆಯಲ್ಲಿ ನೆಲ ನೋಡುತ್ತ ನಿಂತುಬಿಡುತ್ತಾರೆ!

ತೀರ್ಪಾದ ಮೇಲೆಯೂ ಮೇಲಧಿಕಾರಿಯ ಸ್ಥಿರೀಕರಣ ದೊರೆಯುವವರೆಗೆ ಅದು ಊರ್ಜಿತವಲ್ಲ. ಸ್ಥಿರಪಡಿಸುವವನು ಶಿಕ್ಷೆಯನ್ನು ತಗ್ಗಿಸಬಹುದು, ಮಾಫಿ ಮಾಡಬಹುದು. ೧೬೪ನೆಯ ಕಲಮಿನಂತೆ ಶಿಕ್ಷೆಗೊಳಗಾದವನು ಸ್ಥಿರೀಕರಣಕ್ಕೆ ಮೊದಲೂ ಅರ್ಜಿ ಹಾಕಿಕೊಳ್ಳಬಹುದು, ಆಮೇಲೆಯೂ ಕೇಂದ್ರ ಸರಕಾರಕ್ಕೆ ಅಥವಾ ಸೇನಾ ಮುಖ್ಯಸ್ಥರಿಗೆ ಹಾಕಿಕೊಳ್ಳಬಹುದು. ೧೭೯ನೆಯ ಕಲಮು ಕ್ಷಮಾದಾನದ್ದು. ೧೮೨ನೆಯ ಕಲಮಿನಂತೆ ಸೆರೆವಾಸದ ಶಿಕ್ಷೆಯನ್ನು ಜಾರಿ ಮಾಡದೆ ತಡೆಹಿಡಿಯಬಹುದು. ಹೀಗೆ ತಡೆಹಿಡಿದ ಪ್ರಕರಣವನ್ನು ಹೆಚ್ಚೆಂದರೆ ನಾಲ್ಕು ತಿಂಗಳಿಗೊಮ್ಮೆ ಮತ್ತೆ ತೆಗೆದು ನೋಡಬೇಕು. ನಡತೆ ಚೆನ್ನಾಗಿದ್ದರೆ ಶಿಕ್ಷೆಯನ್ನೇ ಮಾಫಿ ಮಾಡಬಹುದು. ಸೆರೆವಾಸದ ಜೊತೆಗೆ ವಜಾ ಶಿಕ್ಷೆಯೂ ಆಗಿದ್ದರೆ, ಸೆರೆವಾಸ ಹೀಗೆ ಮಾಫಿಯಾದಾಗ ವಜಾ ಕೂಡ ಅಳಿಯುತ್ತದೆ. ಅಂದರೆ ಶಿಕ್ಷೆಯ ಕತ್ತಿ ತಲೆಯ ಮೇಲೆ ತೂಗುತ್ತಿರುವಾಗಲೇ ಸಮವಸ್ತ್ರ ತೊಟ್ಟು ದುಡಿದು, ತನ್ನ ಹೆಸರನ್ನು ತಾನೇ ತೊಳೆದುಕೊಳ್ಳುವ ಅವಕಾಶ ಅದು.

ಇದಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದದ್ದು ೧೨೨ನೆಯ ಕಲಮಿನ ಒಂದು ಸಣ್ಣ ಉಪಕಲಮು. ಯುದ್ಧಸೇವೆಯಲ್ಲಿಲ್ಲದಾಗ ದಂಡು ಬಿಟ್ಟು ಓಡಿದ ಜವಾನನೊಬ್ಬ, ಆ ತಪ್ಪಿನ ತರುವಾಯ ಸೈನ್ಯದಲ್ಲಿ ಸತತ ಮೂರು ವರ್ಷಗಳಿಗೆ ಕಡಿಮೆಯಿಲ್ಲದಂತೆ ಮಾದರಿಯಾಗಿ ಸೇವೆ ಸಲ್ಲಿಸಿದ್ದರೆ, ಹಳೆಯ ತಪ್ಪಿಗಾಗಿ ಅವನ ವಿಚಾರಣೆಯನ್ನೇ ಆರಂಭಿಸುವಂತಿಲ್ಲ. ಕನ್ನಹಾಕುವ ಕಾಯಕದಿಂದ ಬಂದ ಮಾರಿತಂದೆಯನ್ನು, ಕಳ್ಳತನಕ್ಕೆ ಹೊರಟು ಗುರುವಿನ ಪಾದಕ್ಕೆರಗಿದನೆಂದು ಹೇಳಲಾಗುವ ಉರಿಲಿಂಗಪೆದ್ದಿಯನ್ನು ಶರಣರೆಂದು ಮನ್ನಿಸಿದ ಪರಂಪರೆ ನಮ್ಮದು. ಉರಿಲಿಂಗಪೆದ್ದಿಯಂತೂ ಮುಂದೆ ಗುರುವಿನ ಪೀಠವನ್ನೇ ಏರಿದ. ಹಿಂದಿನದನ್ನು ಕೆದಕದೆ ಮುಂದಿನ ನಡೆಯನ್ನು ನೋಡುವ ಈ ನೀತಿ ಸೈನ್ಯದ ಕಾಯಿದೆಯ ಒಂದು ಮೂಲೆಯಲ್ಲಿ ಕುಳಿತಿರುವುದನ್ನು ಕಂಡು ನಮಗೆ ಸಂತೋಷವೇ ಆಯಿತು.

ಕನ್ನಡಿಗ ನ್ಯಾಯಮೂರ್ತಿಯ ತೀರ್ಪು

ಕಾಯಿದೆಯಲ್ಲಿ ಇದ್ದದ್ದೆಲ್ಲ ಆಚರಣೆಯಲ್ಲಿ ದೊರೆಯುವುದೆಂದು ನಾವು ಹೇಳುತ್ತಿಲ್ಲ. ಸಮರಿ ಕೋರ್ಟ್ ಮಾರ್ಷಲ್ ಎಂಬ ಕಿರು ವಿಚಾರಣೆಯಲ್ಲಿ ದಳದ ಕಮಾಂಡಿಂಗ್ ಅಧಿಕಾರಿ ಒಬ್ಬನೇ ನ್ಯಾಯಾಲಯ. ಆತ ವಿಧಿಸುವ ಶಿಕ್ಷೆಗೆ ಸಾಮಾನ್ಯವಾಗಿ ಸ್ಥಿರೀಕರಣವೂ ಬೇಕಿಲ್ಲ, ಕೂಡಲೇ ಜಾರಿಯಾಗುತ್ತದೆ. ಇದರ ಅಪಾಯ ಎಷ್ಟೆಂಬುದು ರಣಜಿತ ಠಾಕೂರ ಪ್ರಕರಣದಲ್ಲಿ ಬಯಲಾಯಿತು. ಸಿಗ್ನಲ್ಸ್ ವಿಭಾಗದ ಈ ಜವಾನ ತನ್ನ ಕಮಾಂಡಿಂಗ್ ಅಧಿಕಾರಿಯ ವಿರುದ್ಧ ಮೇಲಿನವರಿಗೆ ದೂರು ಬರೆದಿದ್ದ. ಮುಂದೆ ೧೯೮೫ರ ಮೇ ತಿಂಗಳಲ್ಲಿ, ಊಟ ಮಾಡೆಂಬ ಆಜ್ಞೆಯನ್ನು ಪಾಲಿಸಲಿಲ್ಲವೆಂಬ ಆರೋಪ ಅವನ ಮೇಲೆ ಬಂದಿತು. ಯಾರ ವಿರುದ್ಧ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ವಿಚಾರಣೆಯ ಪೀಠದಲ್ಲಿದ್ದ. ಒಂದು ವರ್ಷದ ಸಶ್ರಮ ಸೆರೆವಾಸ, ನೌಕರಿಯಿಂದ ವಜಾ!

೧೯೮೭ರ ಅಕ್ಟೋಬರದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಡವಳಿಯನ್ನು ರದ್ದುಗೊಳಿಸಿ ಅವನನ್ನು ಮರಳಿ ನೌಕರಿಗೆ ಸೇರಿಸಿತು. ತೀರ್ಪು ಬರೆದವರು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ಪೂರ್ವಗ್ರಹವುಳ್ಳವನು ನ್ಯಾಯಪೀಠದಲ್ಲಿ ಕೂಡಲಾಗದು. ಶಿಕ್ಷೆಯು ಅಪರಾಧಕ್ಕೆ ತಕ್ಕದ್ದಾಗಿರಬೇಕು, ಅತಿಯಾದ ಶಿಕ್ಷೆ ತಾನೇ ಪಕ್ಷಪಾತದ ಗುರುತಾಗುತ್ತದೆ ಎಂಬ ಎರಡು ತತ್ವಗಳನ್ನು ಅವರು ಅಲ್ಲಿ ಎತ್ತಿಹಿಡಿದರು. ಇಂದಿಗೂ ಸೈನಿಕರ ಪರ ವಾದಿಸುವ ವಕೀಲರು ಮೊದಲು ತೆರೆಯುವುದು ಈ ತೀರ್ಪಿನ ಪುಟವನ್ನೇ. ನಮ್ಮ ದೃಷ್ಟಿಯಲ್ಲಿ ಇದನ್ನು ಕ್ಷಮೆಯೆಂದು ಕರೆಯುವುದು ಸರಿಯಲ್ಲ, ಇದು ಅವನಿಗೆ ಸಲ್ಲಬೇಕಾದ ನ್ಯಾಯ. ಎರಡನ್ನೂ ಬೆರೆಸಬಾರದು. ತಪ್ಪೇ ಮಾಡದವನು ಕ್ಷಮೆ ಬೇಡುವಂತೆ ಮಾಡುವುದು ಅವನಿಗೆ ಮಾಡುವ ಎರಡನೆಯ ಅನ್ಯಾಯ.

ಸೈನಿಕ ನ್ಯಾಯಾಲಯದ ತೀರ್ಪಿನ ಮೇಲೆ ಅಪೀಲು ಕೇಳುವ ಪೀಠವಿಲ್ಲದಿರುವುದು ದೊಡ್ಡ ಕೊರತೆಯೆಂದು ಸರ್ವೋಚ್ಚ ನ್ಯಾಯಾಲಯ ೧೯೮೨ರಲ್ಲಿಯೇ ಎಚ್ಚರಿಸಿತ್ತು. ಆ ಕೊರತೆ ನೀಗಲು ಕಾಲು ಶತಮಾನ ಹಿಡಿಯಿತು. ೨೦೦೭ರ ಕಾಯಿದೆಯಂತೆ ಸಶಸ್ತ್ರ ಪಡೆಗಳ ನ್ಯಾಯಾಧಿಕರಣ ಸ್ಥಾಪನೆಯಾಗಿ ೨೦೦೯ರಲ್ಲಿ ಕೆಲಸ ಆರಂಭಿಸಿತು. ಕರ್ನಾಟಕದವರ ಪ್ರಕರಣಗಳು ಕೊಚ್ಚಿಯ ಪೀಠಕ್ಕೆ ಹೋಗುತ್ತವೆ. ಅದು ಶಿಕ್ಷೆಯನ್ನು ಇಳಿಸಬಹುದು, ಮಾಫಿ ಮಾಡಬಹುದು. ಹೆಚ್ಚಿಸಲೂಬಹುದು ಎಂಬುದು ಎಚ್ಚರಿಕೆಯ ಮಾತು. ಎಲ್ಲಕ್ಕೂ ಮೇಲೆ ಸಂವಿಧಾನದ ೭೨ನೆಯ ಅನುಚ್ಛೇದದಂತೆ ಸೈನಿಕ ನ್ಯಾಯಾಲಯದ ಯಾವುದೇ ಶಿಕ್ಷೆಯನ್ನು ಕ್ಷಮಿಸುವ ಅಧಿಕಾರ ರಾಷ್ಟ್ರಪತಿಗಳಿಗಿದೆ. ರಾಜ್ಯಪಾಲರಿಗೆ ಈ ಅಧಿಕಾರವಿಲ್ಲ. ಆದಕಾರಣ ಮಗನ ಶಿಕ್ಷೆ ತಪ್ಪಿಸೆಂದು ಬೆಂಗಳೂರಿನ ದಾರಿ ಸವೆಸುವ ತಂದೆಯಂದಿರು ತಮ್ಮ ದುಡ್ಡನ್ನೂ ದಿನಗಳನ್ನೂ ವ್ಯರ್ಥಮಾಡಿಕೊಳ್ಳುತ್ತಾರೆ.

ಎಲ್ಲ ಅಪರಾಧಗಳಿಗೂ ಒಂದೇ ಅಳತೆಯ ಕರುಣೆ ಎಂದು ನಾವು ವಾದಿಸುವುದಿಲ್ಲ. ಶತ್ರುವಿಗೆ ಗುಟ್ಟು ಮಾರಿದವನು, ಹೆಣ್ಣುಮಗಳ ಮೇಲೆ ಕೈಮಾಡಿದವನು, ಜೊತೆಗಾರನನ್ನು ಕೊಂದವನು ಇವರ ವಿಷಯದಲ್ಲಿ ನೊಂದವರ ದನಿಯನ್ನು ಮೊದಲು ಕೇಳಬೇಕು. ಅವರನ್ನು ಬದಿಗಿಟ್ಟು ತೋರುವ ದಯೆ ಬರಿಯ ಸಡಿಲಿಕೆಯಾದೀತು. ಆದರೆ ಇಪ್ಪತ್ತು ವರ್ಷದ ಹುಡುಗ, ಮದುವೆಯಾಗಿ ಎರಡು ತಿಂಗಳಾಗಿಲ್ಲ, ಊರಿನಲ್ಲಿ ಹೊಲದ ಬದುವಿನ ಜಗಳ. ಸೂಟಿ ಮುಗಿದ ದಿನ ಬಂಡಿ ಹತ್ತಲು ಮನಸ್ಸಾಗಲಿಲ್ಲ. ಇಂಥವನನ್ನು ಆ ಸಾಲಿನಲ್ಲಿ ನಿಲ್ಲಿಸಲು ನಮ್ಮ ಮನಸ್ಸು ಒಪ್ಪದು.

ಮನೆಯವರು ತಿಳಿದಿರಬೇಕಾದದ್ದು

ಗೈರುಹಾಜರಾಗಿ ಮೂವತ್ತು ದಿನಗಳಾದರೆ ದಳದಲ್ಲಿ ವಿಚಾರಣಾ ಮಂಡಳಿ ಕೂಡುತ್ತದೆ. ಅವನ ವಶದಲ್ಲಿದ್ದ ಸರಕಾರಿ ಸಾಮಾನುಗಳ ಲೆಕ್ಕವನ್ನೂ ಬರೆದಿಡುತ್ತಾರೆ. ಹಿಡಿದುಕೊಡುವಂತೆ ಊರಿನ ಪೋಲೀಸರಿಗೂ ಪತ್ರ ಬರುತ್ತದೆ. ಅಷ್ಟರೊಳಗೆ ತಾನಾಗಿಯೇ ಮರಳಿದವನನ್ನು ನೋಡುವ ಕಣ್ಣೇ ಬೇರೆ. ತಾನಾಗಿ ಬಂದು ಒಪ್ಪಿಸಿಕೊಂಡನೋ, ಹಿಡಿದು ತಂದರೋ ಎಂಬುದು ಕಾಗದದಲ್ಲಿ ದಾಖಲಾಗುತ್ತದೆ, ಶಿಕ್ಷೆಯ ತೂಕದಲ್ಲಿ ಲೆಕ್ಕಕ್ಕೆ ಬರುತ್ತದೆ. ತನ್ನ ದಳ ದೂರದಲ್ಲಿದ್ದರೆ ಹತ್ತಿರದ ಸೈನಿಕ ಠಾಣೆಯಲ್ಲಿ ಹಾಜರಾಗಬಹುದು. ನಮ್ಮವರಿಗೆ ಬೆಳಗಾವಿ ದೂರವೇನಲ್ಲ.

ಓಡಿಬಂದ ಸೈನಿಕನನ್ನು ತಿಳಿದೂ ತಿಳಿದೂ ಬಚ್ಚಿಡುವುದು ಅಪರಾಧ. ಹಳೆಯ ದಂಡಸಂಹಿತೆಯ ೧೩೬ನೆಯ ಕಲಮು ಇದಕ್ಕೆ ಎರಡು ವರ್ಷಗಳವರೆಗಿನ ಸೆರೆವಾಸವನ್ನು ಹೇಳಿತ್ತು. ೨೦೨೪ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆಸರೆ ಕೊಟ್ಟವರು ಓಡಿಬಂದವನ ಬಾಳಸಂಗಾತಿಯಾಗಿದ್ದರೆ (ಗಂಡ ಅಥವಾ ಹೆಂಡತಿ) ಮಾತ್ರ ಇದರಿಂದ ವಿನಾಯಿತಿ. ತಾಯಿಗೆ ವಿನಾಯಿತಿ ಇಲ್ಲ! ಕಾಯಿದೆ ಬರೆದವರು ತಾಯಿಯ ಕರುಳನ್ನು ಏಕೆ ಮರೆತರೆಂದು ಕೇಳಬಹುದು. ಆದರೆ ಇರುವ ಕಾಯಿದೆ ಇದು. ಮಗನನ್ನು ಉಳಿಸಲು ಹೊರಟ ತಾಯಿಯೇ ಪೋಲೀಸ ಠಾಣೆಯ ಕಟ್ಟೆಯ ಮೇಲೆ ಕೂಡುವ ಸ್ಥಿತಿ ಯಾವ ಮನೆಗೂ ಬರಬಾರದು.

ವಜಾ ಆದವನಿಗೆ ಹಿಂದಿನ ಸೇವೆಯ ಪೆನ್ಶನ್ನಾಗಲಿ ಗ್ರ್ಯಾಚುಯಿಟಿಯಾಗಲಿ ಸಾಮಾನ್ಯವಾಗಿ ದೊರೆಯದು. ವಿಶೇಷ ಸಂದರ್ಭಗಳಲ್ಲಿ ರಾಷ್ಟ್ರಪತಿಗಳ ವಿವೇಚನೆಯಿಂದ ಮಂಜೂರಾಗಬಹುದೆಂಬ ನಿಯಮವೂ ಅಲ್ಲಿಯೇ ಇದೆ. ಹದಿನೈದು ಇಪ್ಪತ್ತು ವರ್ಷ ದುಡಿದು ಕೊನೆಯಲ್ಲಿ ಎಡವಿದವನ ಹೆಂಡತಿ ಮಕ್ಕಳು ಈ ಅರ್ಜಿಯನ್ನು ಹಾಕದೆ ಬಿಡಬಾರದು.

ಇನ್ನು ಊರಿನವರ ಮಾತು. ಶಿಕ್ಷೆ ತೀರಿಸಿ ಬಂದವನನ್ನು ಸರಕಾರ ಬಿಟ್ಟಿರುತ್ತದೆ. ನಾವು ಮಾತ್ರ ಬಿಡುವುದಿಲ್ಲ. ಜಾತ್ರೆಯ ಪಂಚರಲ್ಲಿ ಅವನ ಹೆಸರು ಬರೆಯುವುದಿಲ್ಲ, ಸೊಸೈಟಿಯ ಸಾಲಕ್ಕೆ ಜಾಮೀನು ನಿಲ್ಲುವುದಿಲ್ಲ. ಮಠಗಳಲ್ಲಿ ದಾಸೋಹದ ಪಂಕ್ತಿಯಲ್ಲಿ ಯಾರ ಪೂರ್ವವನ್ನೂ ಕೇಳದ ನಾವು ಊರ ಕಟ್ಟೆಯ ಮೇಲೆ ಏಕೆ ಕೇಳುತ್ತೇವೆ? ಇಂಥ ಮನೆಗಳಿಗೆ ಪೂಜ್ಯರು ಒಮ್ಮೆ ಪಾದ ಬೆಳೆಸಿ ಲಿಂಗಪೂಜೆ ಮಾಡಿ ಬಂದರೆ, ಹತ್ತು ಪಂಚಾಯತಿಗಳಿಂದ ಆಗದ ಕೆಲಸ ಆ ಒಂದು ಬೆಳಗಿನಲ್ಲಿ ಆದೀತು.

ಅರ್ಜಿ ಬರೆಯುವವರು ಸೈನಿಕನ ನಂಬರು, ಹುದ್ದೆ, ದಳದ ಹೆಸರು, ತೀರ್ಪಿನ ತಾರೀಖು ಇವನ್ನು ಮೊದಲು ಬರೆದುಕೊಳ್ಳಬೇಕು. ವಿಚಾರಣೆಯ ನಡವಳಿಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ಶಿಕ್ಷೆಗೊಳಗಾದವನಿಗೆ ಇದೆ. ಅದಿಲ್ಲದೆ ವಕೀಲರು ಏನನ್ನೂ ಹೇಳಲಾರರು. ತಾಯಿಯ ಬೇನೆಗೆ ಆಸ್ಪತ್ರೆಯ ಕಾಗದ, ಹೊಲದ ಉತಾರ, ತಲಾಠಿಯ ದಾಖಲೆ, ಶಾಲೆಯ ನಡತೆಯ ಪತ್ರ, ಹಿಂದೆ ಕೆಲಸ ಮಾಡಿದ ಅಧಿಕಾರಿಗಳು ಬರೆದ ಎರಡು ಸಾಲು ಇದ್ದರೆ ಅದು, ಇವೆಲ್ಲವನ್ನೂ ಜೋಡಿಸಬೇಕು. ಅರ್ಜಿಯನ್ನು ಸ್ಪೀಡ್ ಪೋಸ್ಟಿನಿಂದ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಬರೆಯಲು ತಿಳಿಯದಿದ್ದರೆ ಬೆಳಗಾವಿಯಲ್ಲಿರುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಬಹುದು, ಇಲ್ಲವೇ ನಿಮ್ಮ ಊರಿನಲ್ಲಿಯೇ ಇರುವ ನಿವೃತ್ತ ಸುಭೇದಾರರ ಮನೆಯ ಬಾಗಿಲು ತಟ್ಟಬಹುದು. ಈ ಸೀಮೆಯಲ್ಲಿ ಅಂಥ ಹಿರಿಯರಿಗೆ ಬರವಿಲ್ಲ.